ಬೋಸ್ನಿಯಾದಲ್ಲಿ ಯುವಜನರ ನಡುವೆ ಶಾಂತಿ ಕೆಲಸ ಮಾಡಲು ಹೊರಗಿನವರು ಹೋಗಿ ನೆಲೆಸಿದರೆ ಪ್ರಯೋಜನವಿದೆಯೇ?

ಪ್ರಯೋಜನವಿದೆ, ಆದರೆ ಹೋಗುವವರು ಅಂದುಕೊಳ್ಳುವಷ್ಟು ದೊಡ್ಡದಲ್ಲ. 1995ರ ಡೇಟನ್ ಶಾಂತಿ ಒಪ್ಪಂದವು ಅಲ್ಲಿನ ಪಂಗಡಗಳ ನಡುವಿನ ಯುದ್ಧವನ್ನು ನಿಲ್ಲಿಸಿತಾದರೂ, ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಮರು), ಸರ್ಬ್ ಮತ್ತು ಕ್ರೊಯೇಟ್ ಎಂಬ ವಿಂಗಡಣೆಯನ್ನು ಆಡಳಿತದೊಳಗೇ ಉಳಿಸಿತು. ಮೊಸ್ತಾರ್ ನಗರವನ್ನೇ ನೋಡಿ: 1993ರಲ್ಲಿ ಶೆಲ್ ದಾಳಿಗೆ ಉರುಳಿದ ಹಳೆಯ ಸೇತುವೆ 2004ರಲ್ಲಿ ಮತ್ತೆ ಎದ್ದು ನಿಂತಿತು, ಆದರೆ ಬೋಸ್ನಿಯಾಕ್ ಮತ್ತು ಕ್ರೊಯೇಟ್ ಎಂದು ಒಡೆದ ಊರಿನಲ್ಲಿ ಎರಡು ವಿಶ್ವವಿದ್ಯಾಲಯಗಳಿವೆ, ಎರಡು ಫುಟ್‌ಬಾಲ್ ಕ್ಲಬ್‌ಗಳಿವೆ, ಹಳೆಯ ಪ್ರೌಢಶಾಲೆಯ ಒಂದೇ ಕಟ್ಟಡದಲ್ಲಿ ಮಕ್ಕಳು ಎರಡು ಬೇರೆ ಪಠ್ಯಕ್ರಮಗಳನ್ನು ಓದುತ್ತಾರೆ.

ಇಂಥಲ್ಲಿ ಹೊರಗಿನವರಿಗಿರುವ ಅನುಕೂಲವೆಂದರೆ, ಅವರ ಹೆಸರು ಕೇಳಿದೊಡನೆ ಯಾವ ಪಂಗಡದವರೆಂದು ಯಾರೂ ಅಳೆಯುವುದಿಲ್ಲ. ಹಾಗಾಗಿ ನಾಟಕದ ತಾಲೀಮಿಗೋ ಛಾಯಾಚಿತ್ರ ಶಿಬಿರಕ್ಕೋ ಅವರು ಕರೆದರೆ ನದಿಯ ಎರಡೂ ದಂಡೆಯ ಹುಡುಗ ಹುಡುಗಿಯರು ಬರುವ ಸಂಭವ ಹೆಚ್ಚು. ಆದರೆ ಅನುದಾನದ ಅವಧಿ ಮುಗಿದೊಡನೆ ಗಂಟುಮೂಟೆ ಕಟ್ಟುವವರನ್ನು ಅಲ್ಲಿನವರು ಸಾಕಷ್ಟು ಕಂಡಿದ್ದಾರೆ, ಹಾಗಾಗಿ ಹೊರಗಿನವರ ಮೇಲೆ ಅವರಿಗಿರುವ ಅನುಮಾನ ನ್ಯಾಯವಾದದ್ದೇ. ಸ್ಥಳೀಯ ಭಾಷೆ ಕಲಿಯದೆ, ದುಭಾಷಿಯನ್ನೇ ನೆಚ್ಚಿಕೊಂಡು ಮಾಡುವ ಕೆಲಸ ಹೆಚ್ಚು ದಿನ ನಿಲ್ಲುವುದಿಲ್ಲ.

ಶಾಂತಿ ಕಟ್ಟುವಲ್ಲಿ ಯುವಜನರಿಗೆ ಪಾಲಿರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರಲ್ಲಿ 2250ನೇ ನಿರ್ಣಯ ಅಂಗೀಕರಿಸಿತು. ಆದರೆ ತರಬೇತಿ ಪಡೆದ ಎಷ್ಟೋ ಬೋಸ್ನಿಯಾದ ತರುಣರು ಕೆಲಸ ಹುಡುಕಿಕೊಂಡು ಜರ್ಮನಿಗೆ, ಆಸ್ಟ್ರಿಯಾಕ್ಕೆ ಹೊರಡುತ್ತಾರೆ. ಬೋಸ್ನಿಯಾಕ್ಕೆ ಹೋಗಿ ನೆಲೆಸುವವರು ಮೊದಲು ಯೋಚಿಸಬೇಕಾದದ್ದು ಇದನ್ನು.