ಟ್ರ್ಯಾಕ್‌ಗೆ ಹೋಗೋ ಕಾರಿಗೆ ಆರು ಪಿಸ್ಟನ್ ಬ್ರೇಕ್ ಕಿಟ್ ಹಾಕಿಸಬೇಕಾ?

ಈಗಲೇ ಬೇಡ. ಆ ದುಡ್ಡು ಸದ್ಯಕ್ಕೆ ಬ್ಯಾಂಕಲ್ಲೇ ಇರಲಿ.

ನೀವು ಬರೆದಿರೋದು ಇಷ್ಟು: ಕಾರು ಬಿಎಂಡಬ್ಲ್ಯು ಎಂ2 ಕಾಂಪಿಟಿಷನ್, 410 ಎಚ್‌ಪಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಮೊದಲ ಮೂರು ಸುತ್ತು ಬ್ರೇಕ್ ಚೆನ್ನಾಗಿ ಹಿಡಿಯಿತು. ನಾಲ್ಕನೇ ಸುತ್ತಿಗೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸೋ ಜಾಗ) ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ಮತ್ತೆ ಗಟ್ಟಿಯಾಯಿತು. ಚಾಮರಾಜನಗರ-ಸತ್ಯಮಂಗಲ ರಸ್ತೆಯ ದಿಂಬಂ ಘಾಟಿ ಇಳಿಯುವಾಗ ಯಾವತ್ತೂ ಹೀಗಾಗಿಲ್ಲ. ಈಗ ಸ್ನೇಹಿತರು ಆರು ಪಿಸ್ಟನ್ ಕಿಟ್ ಹಾಕಿಸು ಅಂತಿದ್ದಾರೆ, ಅಂದರೆ ಚಕ್ರದ ಜೊತೆ ತಿರುಗೋ ಡಿಸ್ಕ್ ದೊಡ್ಡದು, ಅದಕ್ಕೆ ಪ್ಯಾಡ್ ಒತ್ತೋ ಕ್ಯಾಲಿಪರ್‌ನಲ್ಲಿ ಆರು ಪಿಸ್ಟನ್.

ನಾನು ಹೊಸೂರಿನಲ್ಲಿ ಬ್ರೇಕ್ ಕೆಲಸ ಮಾಡೋನು, ಹುಟ್ಟೂರು ತಾಳವಾಡಿ. ದಿಂಬಂನ 27 ಹೇರ್‌ಪಿನ್ ತಿರುವು ನಮಗೆ ಮನೆ ಬಾಗಿಲಿದ್ದ ಹಾಗೆ. ಕೆಳಗೆ ಬಣ್ಣಾರಿ ಅಮ್ಮನ ಗುಡಿ ಹತ್ತಿರ ನಿಂತ ಲಾರಿಗಳಿಂದ ಸುಟ್ಟ ಲೈನರ್ ವಾಸನೆ ಬರೋದು ಅಲ್ಲಿ ಹೊಸದೇನಲ್ಲ. ಆದರೆ ಘಾಟಿಯಲ್ಲಿ ನಿಮ್ಮ ಕಾರಿನ ಬ್ರೇಕಿಗೆ ನಿಜವಾದ ಪರೀಕ್ಷೆಯೇ ಆಗಲ್ಲ. ಲೆಕ್ಕ ನೋಡಿ. ನೀವು ಕೂತ ಮೇಲೆ ಕಾರಿನ ತೂಕ 1,650 ಕಿಲೋ ಅಂತ ಇಟ್ಟುಕೊಳ್ಳೋಣ. 40 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಬ್ರೇಕಿಗೆ ಬೀಳೋ ಶಕ್ತಿ ಸುಮಾರು 0.1 ಮೆಗಾಜೌಲ್. 200ರಿಂದ 80ಕ್ಕೆ ಇಳಿಸಿದರೆ 2.1 ಮೆಗಾಜೌಲ್. ಇಪ್ಪತ್ತು ಪಟ್ಟು! ಅಷ್ಟು ಶಾಖದಲ್ಲಿ ಆರೇಳು ಲೀಟರ್ ತಣ್ಣೀರು ಕುದಿಯೋ ಹಂತಕ್ಕೆ ಬರುತ್ತದೆ. ಅದೂ ನಾಲ್ಕೇ ಸೆಕೆಂಡಿನಲ್ಲಿ, ಸುತ್ತಿಗೆ ಹಲವು ಸಲ. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಇದರಿಂದ ಯಾವ ಕಂಪನಿಯ ಕ್ಯಾಲಿಪರ್ರೂ ತಪ್ಪಿಸಿಕೊಳ್ಳಲಾರದು.

ಹಾಗಾಗಿ ಕೇಳಬೇಕಾದ್ದು ಬ್ರೇಕಿಗೆ ಬಲ ಸಾಕಾ ಅಂತ ಅಲ್ಲ. ಬಲ ಸಾಕಷ್ಟಿದೆ. ಜೋರಾಗಿ ಒತ್ತಿದಾಗ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಕೆಲಸ ಶುರು ಮಾಡುತ್ತೆ ಅಂದರೆ ಟೈರು ತಡೆಯುವುದಕ್ಕಿಂತ ಜಾಸ್ತಿ ಬಲ ಈಗಲೇ ಇದೆ ಅಂತ ಅರ್ಥ. ಆರು ಪಿಸ್ಟನ್ ಹಾಕಿದರೂ ಅದೇ ಟೈರಿನ ಮೇಲೆ ಕಾರು ಬೇಗ ನಿಲ್ಲಲ್ಲ. ಬಿಸಿಯನ್ನು ಯಾವ ಭಾಗ ತಡೆದುಕೊಳ್ಳುತ್ತಿಲ್ಲ ಅನ್ನೋದನ್ನ ಹುಡುಕಬೇಕು.

ಅದನ್ನ ನಿಮ್ಮ ಪೆಡಲ್ಲೇ ಹೇಳಿದೆ. ಪೆಡಲ್ ಗಟ್ಟಿಯಾಗೇ ಇದ್ದು, ಎಷ್ಟು ಒತ್ತಿದರೂ ಕಾರು ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಅಂತ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋದರೆ ಕ್ಯಾಲಿಪರ್ ಒಳಗೆ ಬ್ರೇಕ್ ಆಯಿಲ್ ಕುದ್ದು ಆವಿಯಾಗಿದೆ. ಆಯಿಲ್ಲನ್ನು ಒತ್ತಿ ಕುಗ್ಗಿಸೋಕೆ ಆಗಲ್ಲ, ಆವಿಯನ್ನು ಆಗುತ್ತೆ. ನಿಮ್ಮ ಕಾಲಿನ ಒತ್ತಡವೆಲ್ಲ ಅದರಲ್ಲೇ ಮುಗಿದು ಹೋಗುತ್ತೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತೆ, ಪೆಡಲ್ ವಾಪಸ್ ಬಂದ ಹಾಗೆ ಕಾಣುತ್ತೆ. ನಿಮ್ಮದು ಎರಡನೇ ಜಾತಿ. ಪೆಡಲ್ ವಾಪಸ್ ಬಂತಲ್ಲ ಅಂತ ಅದೇ ಆಯಿಲ್ಲಿನಲ್ಲಿ ಮತ್ತೆ ಟ್ರ್ಯಾಕಿಗೆ ಇಳಿಯಬೇಡಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 4 ದರ್ಜೆಗೆ ಹೊಸದಿದ್ದಾಗ ಕುದಿಯೋ ಬಿಂದು ಕನಿಷ್ಠ 230 ಡಿಗ್ರಿ ಇರಬೇಕು. ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ 155 ಇದ್ದರೂ ಪಾಸು. ಈ ಅಂತರ ಸಣ್ಣದಲ್ಲ. ನಮ್ಮ ಮಳೆಗಾಲ, ಚೆನ್ನೈ ಸೆಕೆ ಎರಡನ್ನೂ ಕಂಡ ಎರಡು ವರ್ಷದ ಹಳೇ ಆಯಿಲ್ ಟ್ರ್ಯಾಕ್ ಡೇಗೆ ಲಾಯಕ್ಕಲ್ಲ. ಮೋಟುಲ್ ಆರ್‌ಬಿಎಫ್ 600 ಹೊಸದಿದ್ದಾಗ 312 ಡಿಗ್ರಿವರೆಗೆ ತಡೆಯುತ್ತೆ. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ನೀರು ಸೇರಿದ ಮೇಲೂ 270ರ ಆಸುಪಾಸು ನಿಲ್ಲುತ್ತೆ, ಆದರೆ ಬೆಲೆ ಚುಚ್ಚುತ್ತೆ. ಒಂದು ಎಚ್ಚರಿಕೆ: ಡಾಟ್ 5 ಅಂತ ಬರೆದಿರೋದು ಸಿಲಿಕಾನ್, ಅದು ನಿಮ್ಮ ಕಾರಿಗಲ್ಲ. ಡಾಟ್ 5.1 ಬೇರೆ, ಅದು ಪರವಾಗಿಲ್ಲ.

ಆಯಿಲ್ ಬದಲಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಕ್ಯಾಲಿಪರ್‌ನಿಂದ ಆಯಿಲ್ ಹೊರಬಿಡೋ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಬಾಟಲಿಯ ಆಯಿಲ್ ಒಳಗೆ ಮುಳುಗಿಸಬೇಕು. ಒಬ್ಬ ಪೆಡಲ್ ಒತ್ತಿ ಹಿಡೀತಾನೆ, ಇನ್ನೊಬ್ಬ ನಿಪ್ಪಲ್ ಕಾಲು ಸುತ್ತು ಸಡಿಲ ಮಾಡಿ ಮತ್ತೆ ಬಿಗೀತಾನೆ. ಕಾಲು ಎತ್ತೋದು ಬಿಗಿದ ಮೇಲೆಯೇ. ಕುದ್ದ ಆಯಿಲ್ ಮೊದಲು ಟೀ ಬಣ್ಣದಲ್ಲಿ ಬರುತ್ತೆ, ನಡುವೆ ಸಾಸಿವೆಗಿಂತ ಸಣ್ಣ ಗುಳ್ಳೆ. ಗುಳ್ಳೆ ನಿಂತು ಹೊಸ ಆಯಿಲ್ಲಿನ ತಿಳಿ ಬಣ್ಣ ಬರೋವರೆಗೂ ಬಿಡಬಾರದು. ಫಿಕ್ಸೆಡ್ ಕ್ಯಾಲಿಪರ್‌ನಲ್ಲಿ (ಡಿಸ್ಕಿನ ಎರಡೂ ಪಕ್ಕ ಪಿಸ್ಟನ್ ಇರೋದು) ಒಳಗೊಂದು ಹೊರಗೊಂದು ನಿಪ್ಪಲ್ ಇದ್ದರೆ ಎರಡರಿಂದಲೂ ಆಯಿಲ್ ತೆಗೆಯಬೇಕು. ಅರ್ಜೆಂಟ್‌ನಲ್ಲಿ ಒಂದನ್ನು ಮರೆಯೋ ಹುಡುಗರೂ ಇದ್ದಾರೆ.

ಆಮೇಲೆ ಪ್ಯಾಡ್. ಕಾರಿನ ಜೊತೆ ಬಂದ ಪ್ಯಾಡ್ ರಸ್ತೆಗೆ ಮಾಡಿದ್ದು: ಶಬ್ದ ಕಡಿಮೆ, ಧೂಳು ಕಡಿಮೆ, ಬೆಳಗಿನ ತಣ್ಣನೆ ಬ್ರೇಕೂ ಸಲೀಸು. ಟ್ರ್ಯಾಕಿಗೆ ಪಾಜಿಡ್ ಆರ್‌ಎಸ್‌ಎಲ್ 29 ತರದ್ದು ಹಾಕಿದರೆ ಬೇರೆಯದೇ ಹಿಡಿತ ಸಿಗುತ್ತೆ. ಅಷ್ಟು ಬೇಡ ಅನ್ನಿಸಿದರೆ ಫೆರೋಡೊ ಡಿಎಸ್ 2500 ನಡುವಿನ ದಾರಿ, ಆದರೆ 410 ಎಚ್‌ಪಿ ಕಾರನ್ನು ಇಡೀ ದಿನ ಗಟ್ಟಿಯಾಗಿ ಓಡಿಸೋರಿಗೆ ಅದು ಸಾಲಲ್ಲ ಅಂತ ನನ್ನ ಅಭಿಪ್ರಾಯ. ಯಾವ ಪ್ಯಾಡಾದರೂ ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಟ್ರ್ಯಾಕಿಗೆ ಹೋಗಬೇಡಿ. ಪ್ಯಾಡ್ ತೆಳುವಾದಷ್ಟೂ ಡಿಸ್ಕಿನ ಬಿಸಿ ಸೀದಾ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್ಲಿಗೆ ಹೋಗುತ್ತೆ. ಹೊಸ ಆಯಿಲ್ ಹಾಕಿಯೂ ಪೆಡಲ್ ಬಿದ್ದರೆ ಮೊದಲು ಪ್ಯಾಡ್ ದಪ್ಪ ನೋಡಿ.

ಹೊಸ ಪ್ಯಾಡನ್ನು ಹದ ಮಾಡಬೇಕು. ವೇಗದಿಂದ ಹಲವು ಸಲ ಬ್ರೇಕ್ ಒತ್ತಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗಕ್ಕೆ ಹೋಗಿ, ಆಮೇಲೆ ಒತ್ತದೆ ಓಡಿಸಿ ತಣಿಸೋದು. ಇದನ್ನು ಕೃಷ್ಣಗಿರಿ ಹೈವೇಯಲ್ಲಿ ಮಾತ್ರ ಮಾಡಬೇಡಿ, ಹಿಂದೆ ಬರೋ ಲಾರಿಯವನಿಗೆ ನಿಮ್ಮ ಪ್ಯಾಡಿನ ವಿಚಾರ ಗೊತ್ತಿರಲ್ಲ. ಟ್ರ್ಯಾಕಿನ ಮೊದಲ ಸೆಷನ್ನನ್ನೇ ಅದಕ್ಕೆ ಇಡಿ. ಸ್ಟೀರಿಂಗ್ ನಡುಗಿದರೆ ಡಿಸ್ಕ್ ಬೆಂಡಾಗಿದೆ ಅಂತ ಎಲ್ಲರೂ ಹೇಳ್ತಾರೆ. ಬಹಳ ಸಲ ಅದು ಬೆಂಡಲ್ಲ, ಪ್ಯಾಡಿನ ಪದರ ಡಿಸ್ಕಿನ ಮೇಲೆ ಒಂದೇ ಸಮ ಕೂತಿರಲ್ಲ ಅಷ್ಟೆ. ಪಿಟ್‌ಗೆ ಬಂದು ಕೆಂಡದಂಥ ಡಿಸ್ಕಿನ ಮೇಲೆ ಪೆಡಲ್ ಒತ್ತಿಕೊಂಡೇ ನಿಂತರೂ ಹೀಗಾಗುತ್ತೆ. ಕೊನೆಯ ಸುತ್ತನ್ನು ನಿಧಾನಕ್ಕೆ ಓಡಿಸಿ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೀಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಒಂದು ಕಲ್ಲು ಕೊಡಿ.

ನಿಮ್ಮ ಡಿಸ್ಕಿನಲ್ಲಿ ತೂತುಗಳಿವೆ, ಬಿರುಕು ಅಲ್ಲಿಂದಲೇ ಹೊರಡೋದು. ಕೂದಲೆಳೆಯಂಥ ಗೀರುಗಳಿಗೆ ಹೆದರಬೇಕಿಲ್ಲ. ಒಂದು ತೂತಿನಿಂದ ಇನ್ನೊಂದಕ್ಕೆ ಸೇರಿದ್ದರೆ, ಇಲ್ಲಾ ಅಂಚಿಗೆ ಮುಟ್ಟಿದ್ದರೆ ಅದು ಗುಜರಿಗೆ. ಮುಂದೆ ಬದಲಿಸುವಾಗ ತೂತಿಲ್ಲದ, ಗೀಟು ಕೊರೆದ ಡಿಸ್ಕ್ ನೋಡಿ.

ಬಂಪರ್‌ನಿಂದ ಡಿಸ್ಕಿನ ನಡುಭಾಗಕ್ಕೆ ಗಾಳಿ ಪೈಪ್ ಎಳೆಸೋದು ಅಗ್ಗದ ಕೆಲಸ, ಲಾಭ ಜಾಸ್ತಿ. ನಡುಭಾಗಕ್ಕೇ ಯಾಕೆ ಅಂದರೆ ತಿರುಗೋ ಡಿಸ್ಕ್ ನಡುವಿನಿಂದ ಗಾಳಿ ಎಳೆದು ಅಂಚಿನ ಕಡೆಗೆ ಹೊರಗೆ ತಳ್ಳುತ್ತೆ. ಡಿಸ್ಕಿನ ಮುಖಕ್ಕೆ ಊದಿದರೆ ಒಂದೇ ಪಕ್ಕ ತಣ್ಣಗಾಗುತ್ತೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1 ಕಿ.ಮೀ. ಅಷ್ಟೆ. ಅಲ್ಲಿ ತಿರುವಿಂದ ತಿರುವಿಗೆ ಬ್ರೇಕ್ ತಣಿಯೋಕೆ ಪುರುಸೊತ್ತೇ ಸಿಗಲ್ಲ, ಅಲ್ಲಿಗೂ ಹೋಗ್ತೀರಾದರೆ ಈ ಪೈಪ್ ಬೇಕೇ ಬೇಕು.

ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಆಗ ದೊಡ್ಡ ಡಿಸ್ಕ್. ಅದರ ಲಾಭ ಬಿಸಿ ಹಿಡಿಯೋ ಕಬ್ಬಿಣ ಜಾಸ್ತಿಯಾಗೋದು, ಪಿಸ್ಟನ್ ಲೆಕ್ಕ ಆಮೇಲಿನದು. ಮುಂದಕ್ಕೆ ಮಾತ್ರ ಯಾವುದೋ ಕಿಟ್ ಹಾಕಿದರೆ ಹಿಂದೆ ಮುಂದಿನ ಬ್ರೇಕ್ ಬಲದ ಹಂಚಿಕೆ ಕೆಡುತ್ತೆ, ಎಬಿಎಸ್‌ಗೂ ಗಲಿಬಿಲಿ. ಎಂ2 ಕಾಂಪಿಟಿಷನ್‌ಗೆ ಕಂಪನಿಯೇ 400 ಎಂ.ಎಂ. ಡಿಸ್ಕಿನ ಆರು ಪಿಸ್ಟನ್ ಬ್ರೇಕನ್ನು ಆಯ್ಕೆಯಾಗಿ ಕೊಡ್ತಿತ್ತು, ಹಿಂದಿನ ಚಕ್ರದ ಬ್ರೇಕೂ ಅದಕ್ಕೆ ಹೊಂದಿದ್ದು. ನಾನಾದರೆ ಆ ಜೋಡಿಯನ್ನೇ ಹುಡುಕಿಸುತ್ತೇನೆ. ಖರ್ಚು ಮಾಡೋ ಮುಂಚೆ ಕ್ಯಾಲಿಪರ್‌ಗೆ ಟೆಂಪರೇಚರ್ ಸ್ಟಿಕ್ಕರ್ (ಎಷ್ಟು ಬಿಸಿಯಾಯಿತು ಅಂತ ಬಣ್ಣದಲ್ಲಿ ತೋರಿಸೋದು) ಅಂಟಿಸಿ ಒಂದು ಟ್ರ್ಯಾಕ್ ಡೇ ಮುಗಿಸಿ. ಅದು 200 ಡಿಗ್ರಿ ಕೂಡ ದಾಟದಿದ್ದರೆ ಕಿಟ್ ಮಾತೇ ಬೇಡ.

ಇನ್ನೊಂದು. ಟ್ರ್ಯಾಕ್ ಪ್ಯಾಡ್ ಹಾಕಿಕೊಂಡೇ ಹೊಸೂರಿಂದ ಚೆನ್ನೈಗೆ ಹೊರಟರೆ ಕೃಷ್ಣಗಿರಿ ಟೋಲ್ ಹತ್ತಿರ ಮೊದಲ ಸಲ ಒತ್ತಿದಾಗ ಎದೆ ಝಲ್ ಅನ್ನುತ್ತೆ, ತಣ್ಣಗಿದ್ದಾಗ ಅದು ಅಷ್ಟು ಹಿಡಿಯಲ್ಲ, ಕಿರುಚುತ್ತೆ ಬೇರೆ. ಪ್ಯಾಡನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಿ, ಅಲ್ಲೇ ಬದಲಿಸಿ. ವಾಪಸ್ ಬರುವಾಗ ರಸ್ತೆ ಪ್ಯಾಡ್ ಹಾಕಿದ ಮೇಲೆ ಮೊದಲ ಕೆಲವು ಕಿಲೋಮೀಟರ್ ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಬಿಡಿ, ಡಿಸ್ಕಿನ ಮೇಲೆ ಇನ್ನೂ ಟ್ರ್ಯಾಕ್ ಪ್ಯಾಡಿನ ಪದರವೇ ಇರುತ್ತೆ.