ಶ್ರವಣ ಸಾಧನ ಕಿವಿಯಲ್ಲಿ ಸಿಳ್ಳೆ ಹಾಕುವುದೇಕೆ, ಅದನ್ನು ನಿಲ್ಲಿಸುವುದು ಹೇಗೆ?

ಸಾಧನವು ವರ್ಧಿಸಿ ಕಿವಿಯೊಳಗೆ ಬಿಟ್ಟ ಶಬ್ದ ಹೊರಗೆ ಸೋರಿ, ಅದೇ ಸಾಧನದ ಮೈಕಿಗೆ ಮರಳಿದಾಗ ಸಿಳ್ಳೆ ಹುಟ್ಟುತ್ತದೆ. ಮರಳಿದ ಶಬ್ದ ಮತ್ತೆ ವರ್ಧನೆಗೊಂಡು ಮತ್ತೆ ಸೋರುತ್ತದೆ. ಸಭೆಯಲ್ಲಿ ಧ್ವನಿವರ್ಧಕದ ಎದುರು ಮೈಕು ಹಿಡಿದಾಗ ಕೇಳುವ ಕೀರಲು ಸದ್ದೂ ಇದೇ. ಕಿವಿಗೆ ಕೈ ಅಡ್ಡ ಹಿಡಿದಾಗ ಕ್ಷಣಕಾಲ ಸಿಳ್ಳೆ ಬಂದರೆ ಚಿಂತೆಯಿಲ್ಲ, ಆದರೆ ಅಗಿಯುವಾಗ ಅಥವಾ ಸುಮ್ಮನೆ ಕುಳಿತಿರುವಾಗಲೂ ಬರುತ್ತಿದ್ದರೆ ಕಾರಣ ಹುಡುಕಬೇಕು.

ಮೊದಲು ಸಾಧನವನ್ನು ತೆಗೆದು, ಕಿವಿಯ ಮೇಲಂಚನ್ನು ತುಸು ಹಿಂದಕ್ಕೆಳೆದು ಪೂರ್ತಿ ಒಳಗೆ ಕೂರಿಸಿ. ಬಹಳಷ್ಟು ಬಾರಿ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಕಿವಿಯ ಗುಗ್ಗೆಯನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳಿ, ಏಕೆಂದರೆ ಗುಗ್ಗೆಗೆ ತಾಗಿದ ಶಬ್ದ ಒಳಗೆ ಹೋಗದೆ ಹಿಂದಿರುಗುತ್ತದೆ. ಕಡ್ಡಿ ಹಾಕಿ ನೀವೇ ತೆಗೆಯಲು ಹೋಗಬೇಡಿ. ಕಿವಿಯ ಅಚ್ಚು, ಅಂದರೆ ಕಿವಿಯ ಆಕಾರಕ್ಕೆ ತಕ್ಕಂತೆ ಮಾಡಿ ಒಳಗೆ ಕೂರಿಸುವ ಭಾಗ, ಸಡಿಲವಾಗಿದ್ದರೆ, ಅದರ ನಳಿಕೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಬೇಕಾಗುತ್ತದೆ. ದೇಹದ ತೂಕ ಇಳಿದರೂ ಕಿವಿಯ ನಾಳದ ಆಕಾರ ಬದಲಾಗಿ ಹಳೆಯ ಅಚ್ಚು ಸಡಿಲವಾಗಬಹುದು.

ಸಿಳ್ಳೆ ನಿಲ್ಲಲೆಂದು ಧ್ವನಿಯನ್ನು ತಗ್ಗಿಸಿಬಿಡುವುದು ಮಾತ್ರ ನನ್ನ ದೃಷ್ಟಿಯಲ್ಲಿ ಪರಿಹಾರವೇ ಅಲ್ಲ. ಸಿಳ್ಳೆ ಸಾಮಾನ್ಯವಾಗಿ ಏಳುವುದು ಎತ್ತರದ ಶ್ರುತಿಯ ಸದ್ದುಗಳಲ್ಲಿ. ಅವನ್ನು ಕುಗ್ಗಿಸಿದರೆ ‘ಸ’, ‘ಶ’ದಂತಹ ವ್ಯಂಜನಗಳೂ ಮಸುಕಾಗಿ, ಸದ್ದು ಕೇಳಿದರೂ ಮಾತು ತಿಳಿಯದಂತಾಗುತ್ತದೆ. ಆದ್ದರಿಂದ ಶ್ರವಣ ತಜ್ಞರು ಕಿವಿಯೊಳಗೆ ತೆಳುವಾದ ಮೈಕು ನಳಿಕೆಯಿಟ್ಟು, ಅಲ್ಲಿಗೆ ನಿಜವಾಗಿ ತಲುಪುತ್ತಿರುವ ಶಬ್ದವನ್ನು ಅಳೆದು ಹೊಂದಿಸಿಕೊಡುವಂತೆ ಕೇಳಿ.