‘ಇನ್ನೊಂದೇ ತುತ್ತು’ ಅನ್ನುವುದನ್ನು ಮೊದಲು ನಿಲ್ಲಿಸಿ

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ, ತೂಕ 12 ಕೆಜಿ. ಮೊಬೈಲ್ ಕೊಡದಿದ್ದರೆ ಬಾಯೇ ತೆರೆಯುವುದಿಲ್ಲ. ಒಂದು ಊಟಕ್ಕೆ ಒಂದು ಗಂಟೆ ಹಿಡಿಯುತ್ತದೆ. ಹಸಿವಿಗೆ ಟಾನಿಕ್ ಹೇಳಿ.

ಉತ್ತರ: ಹೇಳುವುದಿಲ್ಲ. ಇದೇ ಪ್ರಶ್ನೆ ಪ್ರತಿ ವಾರ ಬರುತ್ತದೆ. ಹಸಿವಿಗೆಂದು ಕೊಡುವ ಟಾನಿಕ್‌ಗಳಲ್ಲಿ ಹಲವದರಲ್ಲಿ ಇರುವುದು ಸೈಪ್ರೊಹೆಪ್ಟಡೀನ್. ಅದು ಅಲರ್ಜಿಯ ಮದ್ದು, ಮಗು ತೂಕಡಿಸುತ್ತದೆ. 12 ಕೆಜಿ ಈ ವಯಸ್ಸಿಗೆ ಸರಿಯಾಗಿಯೇ ಇದೆ. ಮೊದಲ ವರ್ಷದಲ್ಲಿ ಹುಟ್ಟಿದಾಗಿನ ಮೂರು ಪಟ್ಟು ತೂಕವಾಗುವ ಮಗು, ಆಮೇಲೆ ವರ್ಷಕ್ಕೆ ಎರಡು-ಎರಡೂವರೆ ಕೆಜಿ ಏರಿದರೆ ಸಾಕು, ಹಾಗಾಗಿ ಹಸಿವೂ ಇಳಿಯುತ್ತದೆ.

ನನಗೆ ಸಂಕಟ ಆಗುವುದು ಆ ಒಂದು ಗಂಟೆ ನೆನೆದು. ಮೊನ್ನೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದು ಮಗು ಮೊಬೈಲ್ ನೋಡುತ್ತಾ ಕೂತಿತ್ತು, ಅಜ್ಜಿ ಮೊಸರನ್ನದ ತುತ್ತು ಇಡುತ್ತಲೇ ಇದ್ದರು, ಹಿಂದಿನ ತುತ್ತು ಇನ್ನೂ ಕೆನ್ನೆಯಲ್ಲೇ ಉಬ್ಬಿಕೊಂಡಿತ್ತು, ಮಗುವಿಗೆ ಅದರ ಪರಿವೆಯೇ ಇಲ್ಲ. ಹೀಗೆ ಬೆಳೆದ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಾದರೂ ಹೇಗೆ?

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ದಶಕಗಳ ಹಿಂದೆಯೇ ಈ ಕೆಲಸವನ್ನು ಹಂಚಿಕೊಟ್ಟರು. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರಿಗೆ ಬಿಟ್ಟಿದ್ದು. ತಿನ್ನಬೇಕೋ ಬೇಡವೋ, ಎಷ್ಟು ಅನ್ನುವುದು ಮಗುವಿಗೆ. ನಮ್ಮಲ್ಲಿ ತಿರುಗುಮುರುಗು. ಏನು ಬೇಕು ಪುಟ್ಟಾ ಅಂತ ಕೇಳಿ ಕೇಳಿ ಮಾಡಿಕೊಡುತ್ತೀರಿ, ಆಮೇಲೆ ಗುಮ್ಮನನ್ನು ಕರೆದು ತುರುಕುತ್ತೀರಿ. ಗದರಿಸಿ ತಿನ್ನಿಸಿದ ಪಲ್ಯ ಮಗುವಿಗೆ ಇನ್ನಷ್ಟು ಬೇಡವಾಗುತ್ತದೆ. ಪಲ್ಯ ತಿಂದರೆ ಚಾಕಲೇಟ್ ಅಂದರೆ ಚಾಕಲೇಟೇ ದೊಡ್ಡದು ಅಂತ ಕಲಿಯುತ್ತದೆ. ಹೊಸ ತರಕಾರಿಯ ರುಚಿ ಹತ್ತಲು ಅದು 8ರಿಂದ 15 ಸಲ ತಟ್ಟೆಗೆ ಬರಬೇಕಾಗಬಹುದು, ನೀವು ಎರಡೇ ಸಲಕ್ಕೆ ‘ನಮ್ಮವಳು ಬೀನ್ಸ್ ಮುಟ್ಟಲ್ಲ’ ಅಂದುಬಿಡುತ್ತೀರಿ.

ಎಲ್ಲರ ಜೊತೆ ಕೂರಿಸಿ, ಮೊಬೈಲ್ ಯಾರ ಕೈಯಲ್ಲೂ ಬೇಡ. ನೀವು ಉಣ್ಣುವ ಮುದ್ದೆ, ಸೊಪ್ಪಿನ ಸಾರನ್ನೇ ಸ್ವಲ್ಪ ಇಡಿ. ಮೈಕೈಗೆ ಬಳಿದುಕೊಳ್ಳಲಿ. ಅರ್ಧ ಗಂಟೆಯಾದ ಮೇಲೆ ಬೈಯದೆ ತಟ್ಟೆ ಎತ್ತಿಡಿ, ಮುಂದಿನ ಹೊತ್ತಿನ ತನಕ ಬಿಸ್ಕತ್ತು ಇಲ್ಲ. ಹಾಲು ದಿನಕ್ಕೆ ಎರಡು ಲೋಟ ಸಾಕು. ಜಾಸ್ತಿಯಾದರೆ ಅದರಲ್ಲೇ ಹೊಟ್ಟೆ ತುಂಬುತ್ತದೆ, ಕಬ್ಬಿಣದ ಅಂಶ ಕಮ್ಮಿ ಬೀಳುತ್ತದೆ. ಮೊದಮೊದಲು ಮಗಳು ಅಳುತ್ತಾಳೆ, ಮನೆಯ ಹಿರಿಯರು ನಿಮ್ಮನ್ನೇ ಬೈಯುತ್ತಾರೆ. ತಡೆದುಕೊಳ್ಳಿ. ತೂಕ ಇಳಿಯುತ್ತಿದ್ದರೆ, ಮಣ್ಣು-ಸುಣ್ಣ ತಿನ್ನುತ್ತಿದ್ದರೆ, ನುಂಗಲು ಒದ್ದಾಡುತ್ತಿದ್ದರೆ ಮಾತ್ರ ಕಾಯದೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹಾಲಿಗೆ ಪೌಡರ್ ಹಾಕಿ ಕೊಟ್ಟರೆ ಮಗ ಎತ್ತರ ಆಗುತ್ತಾನಾ?

ಉತ್ತರ: ಇಲ್ಲ. ಆ ಡಬ್ಬಿಯ ಹಿಂದೆ ಸಕ್ಕರೆ ಎಷ್ಟಿದೆ ಓದಿ.

ಪ್ರಶ್ನೆ: ದೃಷ್ಟಿಯಾಗಿ ಊಟ ಬಿಟ್ಟಿದ್ದಾನೆ ಅಂತ ಒಬ್ಬರು ತಾಯಿತದ ಜೊತೆ ಪುಡಿ ಕೊಟ್ಟಿದ್ದಾರೆ. ಕೊಡಲೇ?

ಉತ್ತರ: ಏನಿದೆ ಅಂತ ಗೊತ್ತಿಲ್ಲದ ಪುಡಿಯನ್ನು ಮಗುವಿನ ಬಾಯಿಗೆ ಹಾಕಬೇಡಿ, ಕೈ ಮುಗಿದು ಕೇಳುತ್ತೇನೆ.

ಪ್ರಶ್ನೆ: ಆರು ತಿಂಗಳ ಮಗುವಿಗೆ ಜೇನು ನೆಕ್ಕಿಸಬಹುದಾ?

ಉತ್ತರ: ಒಂದು ವರ್ಷ ತುಂಬುವ ತನಕ ಬೇಡವೇ ಬೇಡ.